ಮೇಷ್ಟ್ರ ‘ಮುಂದೇನು’ ಯಂತ್ರ

“ಇನ್ಮೇಲೆ ಅರಸೀಕೆರೆಯಲ್ಲಿ ಹತ್ತನೇ ಕ್ಲಾಸು ಪಾಸಾದ ಯಾವ ಮಗುವೂ ‘ಮುಂದೇನು’ ಅಂತ ತಲೆ ಕೆರ್ಕೊಳ್ಳೋ ಹಾಗಿಲ್ಲ!” ಎಂದು ಘೋಷಿಸಿ ಸೀತಾಪತಿ ಮೇಷ್ಟ್ರು ಯಂತ್ರಕ್ಕೆ ಹೊದಿಸಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದರು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಮೇಷ್ಟ್ರು ಬಿಡುವವರೇ? ಜಗ್ಗಿದರು. ಪರ್ರನೆ ಹರಿಯಿತು.

“ಅದು ನಮ್ಮ ಮದುವೇಲಿ ಬಂದಿದ್ದು ಕಣ್ರೀ!” ಎಂದು ಅಡುಗೆಮನೆಯಿಂದಲೇ ಅವರ ಹೆಂಡತಿ ವಿಶಾಲಾಕ್ಷಮ್ಮ ಕೂಗಿದರು.

“ವಿಜ್ಞಾನಕ್ಕೆ ತ್ಯಾಗ ಬೇಕಾಗುತ್ತೆ ವಿಶಾಲೂ!”

“ಹಾಗಾದ್ರೆ ನಿಮ್ಮ ಪಂಚೆ ತ್ಯಾಗ ಮಾಡಿ!”

ಪಕ್ಕದ ಮನೆಯ ಬಿಂದುಶ್ರೀಗೆ ನಗು ಬಂತು. ಆದರೆ ಬೆಡ್‌ಶೀಟಿನ ಅಡಿಯಿಂದ ಹೊರಬಂದದ್ದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲಿಂದಲೋ ತಂದ ಕ್ಷೌರದ ಕುರ್ಚಿ. ಅದರ ಮೇಲೆ ಸರಪಳಿಯಲ್ಲಿ ಮಗುಚಿ ತೂಗುಬಿಟ್ಟಿದ್ದ ಮದುವೆಮನೆಯ ಇಡ್ಲಿ ಪಾತ್ರೆ. ಪಾತ್ರೆಯ ನೆತ್ತಿಯಿಂದ ಹೊರಟ ಹತ್ತಾರು ವೈರುಗಳು ಒಂದು ಫ್ಯಾನ್ ರೆಗ್ಯುಲೇಟರಿಗೆ ಹೋಗಿ, ಅಲ್ಲಿಂದ ತುತ್ತೂರಿ ಆಕಾರದ ಹಳೇ ಸ್ಪೀಕರಿಗೆ ಸೇರಿದ್ದವು. ಐಟಿಐನಲ್ಲಿ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಸೀತಾಪತಿಯವರು ಇಂಥವು ಹಲವನ್ನು ಕಟ್ಟಿದ್ದರು. ತಾನೇ ಹಾಲು ಆರಿಸುವ ಅವರ ಯಂತ್ರ ಹಾಲಿನ ಜೊತೆಗೆ ಮನೆಯ ದೀಪಗಳನ್ನೂ ಆರಿಸುತ್ತಿತ್ತು.

“ಈ ಪಾತ್ರೆ ತಲೆ ಮೇಲೆ ಇಟ್ರೆ, ಮನಸ್ಸಿನ ತಳದಲ್ಲಿ ಹೂತಿರೋ ಆಸೆಯನ್ನ ಅಗೆದು ತೆಗೆಯುತ್ತೆ. ಎಷ್ಟು ಹಳೇ ಆಸೆಯೋ ಅಷ್ಟು ಬೇಗ! ಯಾವ ಕೋರ್ಸು, ಯಾವ ಕೆಲಸ ಅಂತ ಸ್ಪೀಕರಲ್ಲಿ ಹೇಳುತ್ತೆ. ಅದೂ ನಮ್ಮ ವಿಶಾಲೂ ಧ್ವನಿಯಲ್ಲಿ!”

“ನನ್ನ ಧ್ವನೀನಾ?” ವಿಶಾಲಾಕ್ಷಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ನನ್ನ ಯಾಕ್ರೀ ಇದರೊಳಗೆ ಹಾಕಿದ್ರಿ?”

“ಎದುರು ಮಾತಾಡೋಕೆ ಯಾರಿಗೂ ಧೈರ್ಯ ಬರಬಾರದು ಅಂತ.”

ಬಿಂದುವಿನ ಅಪ್ಪ ಶಾಂತವೀರಪ್ಪ ವಾಚು ನೋಡಿಕೊಂಡರು. “ಬೇಗ ಆಗ್ಲಿ ಮೇಷ್ಟ್ರೇ. ಪಿಯುಸಿ ಸೇರೋಕೆ ಇವತ್ತೇ ಕೊನೇ ದಿನ, ನಾಲ್ಕಕ್ಕೆ ಕಾಲೇಜಿನ ಆಫೀಸು ಮುಚ್ತಾರೆ. ಸೈನ್ಸ್ ಅಂತ ನಾನಂತೂ ಗಟ್ಟಿ ಮಾಡಿದೀನಿ. ನಿಮ್ಮ ಯಂತ್ರಾನೂ ಒಂದು ಮಾತು ಹೇಳಿಬಿಟ್ರೆ ಇವಳ ಮುಖದ ಮೇಲೆ ಒಂಚೂರು ಕಳೆ ಬರಬಹುದು.”

ಕಳೆ ಎಲ್ಲಿಂದ ಬರಬೇಕು! ಬಿಂದುವಿಗೆ ಬೇಕಾಗಿದ್ದದ್ದು ಕಾಮರ್ಸು. ಅದಾದ ಮೇಲೆ, ಪೇಟೆ ಬೀದಿಯಲ್ಲಿದ್ದ ಅಪ್ಪನ ಪಾತ್ರೆ ಅಂಗಡಿ. ರಜೆಯಲ್ಲಿ ಅಲ್ಲಿ ಕೂತಾಗಲೆಲ್ಲ ಅವಳಿಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಮದುವೆಗೆ ಪಾತ್ರೆ ಕೊಳ್ಳಲು ಬರುವ ಹೆಂಗಸರ ಜೊತೆ ಚೌಕಾಸಿಯ ಜಗಳವಾಡುವುದು, ಕೊನೆಗೆ ಅವರನ್ನು ನಗಿಸಿ ಎರಡು ಲೋಟ ಹೆಚ್ಚಿಗೆ ಮಾರಿ ಕಳಿಸುವುದು, ಕೊಳಗದ ಕಂಠಕ್ಕೆ ಗುರ್ರೆನ್ನುವ ಸೂಜಿಯಿಂದ ಹೆಸರು ಕೊರೆಯುವುದು, ಎಲ್ಲವೂ ಅವಳಿಗೆ ಇಷ್ಟ. ಆದರೆ ಅಪ್ಪ ದಿನಕ್ಕೊಮ್ಮೆಯಾದರೂ, “ಈ ಅಂಗಡಿ ನನ್ನ ತಲೆಗೇ ಕೊನೆ. ನನ್ನ ಮಗಳು ಈ ಗಲ್ಲಾದಲ್ಲಿ ಕೂರೋದು ಬೇಡ” ಎನ್ನುತ್ತಿದ್ದರು. ಅಂಥವರ ಮುಂದೆ ಬಾಯಿ ಬಿಡುವುದು ಹೇಗೆ? ತಾನು ಹೇಳಲಾರದ್ದನ್ನು ಈ ಇಡ್ಲಿ ಪಾತ್ರೆಯಾದರೂ ಹೇಳೀತು ಎಂಬ ಆಸೆಯಿಂದಲೇ ಅವಳು ಕುರ್ಚಿ ಹತ್ತಿ ಕೂತಳು. ಮೇಷ್ಟ್ರು ಪಾತ್ರೆಯನ್ನು ಇಳಿಸಿದರು. ಅದು ಗಲ್ಲದವರೆಗೂ ಮುಚ್ಚಿಕೊಂಡಿತು. ಒಳಗೆ ಹಳೇ ಉದ್ದಿನ ವಾಸನೆ.

ಸ್ವಿಚ್ಚಿಗೆ ಕೈಹಾಕಬೇಕು, ಅಷ್ಟರಲ್ಲಿ ಬಿಂದುವಿನ ಅಜ್ಜಿ ಕೊಟ್ರಮ್ಮ ತಡೆದರು. “ತಡೀರಿ ಮೇಷ್ಟ್ರೇ! ಮಗೀನ ಒಳ್ಳೇ ಕೆಲ್ಸ, ಹಂಗೇ ಬರಿಗೈಲಿ ಮಾಡ್ತಾರಾ? ಎಲ್ಲಾ ಕೈ ಮುಟ್ರೋ!”

ಧಾರೆ ಎರೆಯುವಾಗ ನೆಂಟರಿಷ್ಟರೆಲ್ಲ ಕೈ ಮುಟ್ಟುವುದಿಲ್ಲವೇ? ಹಾಗೇ. ಅಜ್ಜಿ ಮೊಮ್ಮಗಳ ಭುಜ ಮುಟ್ಟಿದರು, ಅಪ್ಪ ಅಜ್ಜಿಯ ಭುಜ ಮುಟ್ಟಿದರು, ಅಮ್ಮ ಉಮಾದೇವಿ ಅಪ್ಪನ ತೋಳು ಮುಟ್ಟಿದರು. ಮೇಷ್ಟ್ರಿಗೂ ಅದು ಲಕ್ಷಣವಾಗಿಯೇ ಕಂಡಿತು. ಸ್ವಿಚ್ಚು ಒತ್ತಿದರು.

ಗುಂಯ್ ಎಂದಿತು ಪಾತ್ರೆ. ಸ್ಪೀಕರು ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. “ಬಿಂದುಶ್ರೀ! ಲಾರಿ ಡ್ರೈವರ್! ಹತ್ತು ಚಕ್ರದ್ದೇ ಬೇಕು. ರಾತ್ರಿ ಪ್ರಯಾಣ, ಢಾಬಾದಲ್ಲಿ ಊಟ, ಯಾರಿಗೂ ಹೇಳದೆ ಗೋವಾ!”

“ಏನೂ?” ಶಾಂತವೀರಪ್ಪ ಹೌಹಾರಿದರು. “ನನ್ನ ಮಗಳು ಲಾರಿನಾ? ಗೋವಾನಾ?”

“ನಾನಲ್ಲ ಅಪ್ಪಾಜಿ!” ಎಂದು ಬಿಂದು ಪಾತ್ರೆಯೊಳಗಿನಿಂದ ಬಡಬಡಿಸಿದಳು. ಕೊಟ್ರಮ್ಮ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಾಂಪೌಂಡಿನ ಮೇಲಿದ್ದ ಕಾಗೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

“ರೆಗ್ಯುಲೇಟರ್ ಸ್ವಲ್ಪ ಜಾಸ್ತಿ ಇತ್ತು” ಎಂದು ಮೇಷ್ಟ್ರು ಐದರಿಂದ ಮೂರಕ್ಕೆ ತಿರುಗಿಸಿದರು. ಮತ್ತೆ ಕೈ ಮುಟ್ಟಿದ್ದಾಯಿತು. ಮತ್ತೆ ಗುಂಯ್!

“ಬಿಂದುಶ್ರೀ! ರೈಲ್ವೆ ಗಾರ್ಡ್! ಕೊನೇ ಬೋಗಿ, ಬಿಳೀ ಪ್ಯಾಂಟು, ಕೈಯಲ್ಲಿ ಹಸಿರು ಬಾವುಟ. ಇಡೀ ರೈಲು ನನ್ನ ಅಪ್ಪಣೆಗೆ ಕಾಯಬೇಕು!”

“ಇವಳಾ?” ಉಮಾದೇವಿ ನಕ್ಕರು. “ರೈಲು ಹತ್ತಿದ್ರೆ ತಿಪಟೂರು ಬರೋದ್ರೊಳಗೆ ವಾಂತಿ ಮಾಡ್ಕೋತಾಳೆ!”

ಶಾಂತವೀರಪ್ಪನವರಿಗೆ ನಗು ಬರಲಿಲ್ಲ. ಅವರ ಕಿವಿ ಕೆಂಪಗಾಗಿತ್ತು. “ದರಿದ್ರ ಯಂತ್ರ” ಎಂದು ಗೊಣಗಿದರು, ಆದರೆ ದನಿಯಲ್ಲಿ ಜೋರಿರಲಿಲ್ಲ.

ಉಮಾದೇವಿಯ ನಗುವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಮೂರನೇ ಸಲ ಸ್ಪೀಕರು ಹೇಳಿತು: “ಬಿಂದುಶ್ರೀ! ವಕೀಲಿ! ಕರೀ ಕೋಟು. ಮೊದಲನೇ ಕೇಸು ನಾದಿನಿ ಮೇಲೆ. ಉಟ್ಕೊಂಡು ಕೊಡ್ತೀನಿ ಅಂತ ಒಯ್ದ ನೇರಳೆ ಬಣ್ಣದ ರೇಷ್ಮೆ ಸೀರೆ ಇನ್ನೂ ವಾಪಸ್ ಬಂದಿಲ್ಲ!”

“ಬಿಂದೂಗೆ ಎಲ್ಲಿ ನಾದಿನಿ?” ಎಂದರು ಶಾಂತವೀರಪ್ಪ. ಆಮೇಲೆ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. “ನಮ್ಮ ತಂಗಿ ಸೀರೆ ವಾಪಸ್ ಕೊಟ್ಟಿಲ್ವಾ?”

“ನನ್ನ ಯಾಕೆ ಕೇಳ್ತೀರಿ? ಯಂತ್ರ ಹೇಳಿದ್ದು!”

ಆ ಸ್ಪೀಕರಿನ ಗಂಟಲು ಅರ್ಧ ಊರಿಗೆ ಕೇಳಿಸಿರಬೇಕು. ಬೀದಿಯ ಜನವೆಲ್ಲ ಅಂಗಳಕ್ಕೆ ನುಗ್ಗಿದರು. ಬಿಂದುವಿನ ಹೈಸ್ಕೂಲಿನ ಹೆಡ್‌ಮೇಷ್ಟ್ರು ಮರಿಸ್ವಾಮಿ ಬಂದರು, ಮೂಲೆಯ ಹೋಟೆಲಿನ ಭಟ್ಟರು ಬಂದರು, ಕಾನ್ಸ್‌ಟೇಬಲ್ ಕೆಂಚೇಗೌಡರೂ ಬಂದರು. ಏನು ನಡೆಯುತ್ತಿದೆ ಎಂದು ಒಬ್ಬರಿಗೂ ಗೊತ್ತಿಲ್ಲ. ಆದರೆ ಯಾರೋ ಯಾರನ್ನೋ ಮುಟ್ಟಿಕೊಂಡು ನಿಂತಿದ್ದಾರೆ ಎಂದರೆ ಶುಭಕಾರ್ಯವೇ ಇರಬೇಕು! ಎಲ್ಲರೂ ಚಪ್ಪಲಿ ಬಿಟ್ಟು ಬಂದು ಮುಂದಿನವರ ಭುಜಕ್ಕೆ ಕೈಯಿಟ್ಟರು. ಸಾಲು ಗೇಟು ದಾಟಿತು.

ಇಷ್ಟು ಜನರ ಭಾರ ಬಿದ್ದದ್ದೇ, ಯಂತ್ರ ಮೇಷ್ಟ್ರ ಕೈಗೂ ಸಿಗಲಿಲ್ಲ.

“ಬಿಂದುಶ್ರೀ! ಸ್ಕೂಲಿನಲ್ಲಿ ಗಂಟೆ ಹೊಡೆಯೋ ಕೆಲಸ! ಮಧ್ಯಾಹ್ನ ಎರಡಕ್ಕೇ ಲಾಂಗ್ ಬೆಲ್!” ಹೆಡ್‌ಮೇಷ್ಟ್ರು ಬೆವರಿದರು. “ಬಿಂದುಶ್ರೀ! ಬೇರೆಯವರ ಹೋಟೆಲಲ್ಲಿ ಕೂತು ‘ಸಾಂಬಾರ್ ಸರಿಯಿಲ್ಲ’ ಅನ್ನೋದು!” ಭಟ್ಟರು ಕೆಮ್ಮಿದರು. “ಬಿಂದುಶ್ರೀ! ಆರ್ಕೆಸ್ಟ್ರಾದಲ್ಲಿ ಹೆಣ್ಣು ಧ್ವನಿಯ ಹಾಡು!” ಕಾನ್ಸ್‌ಟೇಬಲ್ ಕೆಂಚೇಗೌಡರು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡರು.

“ಬಾಯ್ಮುಚ್ಚೇ!” ಎಂದು ವಿಶಾಲಾಕ್ಷಮ್ಮ ಸ್ಪೀಕರಿಗೆ ಸೌಟು ತೋರಿಸಿದರು. “ನನ್ನ ಧ್ವನಿಯಲ್ಲಿ ಊರವರ ಮಾನ ಕಳೀತಿದೀಯಲ್ಲೇ!” ಹಾಗೆ ಮುನ್ನುಗ್ಗುವಾಗ ಎಡವಿ ಉಮಾದೇವಿಯ ಭುಜ ಹಿಡಿದುಕೊಂಡರು.

“ಬಿಂದುಶ್ರೀ!” ಎಂದಿತು ಸ್ಪೀಕರು ಉತ್ಸಾಹದಿಂದ. “ಗುಜರಿ ವ್ಯಾಪಾರ! ಮೊದಲನೇ ಸರಕು, ಗಂಡ ಕಟ್ಟಿದ ಯಂತ್ರಗಳು, ಒಂದೂ ಬಿಡದೆ!”

ಅಂಗಳದವರೆಲ್ಲ ಮೇಷ್ಟ್ರ ಕಡೆ ತಿರುಗಿದರು.

“ವಿಶಾಲೂ...” ಎಂದರು ಮೇಷ್ಟ್ರು ನೊಂದ ದನಿಯಲ್ಲಿ.

“ಅಯ್ಯೋ, ಅದಿರಲಿ ರೀ! ನಾನು ಮುಟ್ಟಿದ ಗಳಿಗೆಗೇ ನನ್ನ ಮನಸ್ಸಲ್ಲಿರೋದು ಬಂತು ನೋಡಿ! ಇದು ಆ ಮಗೂನ ಓದ್ತಾನೇ ಇಲ್ಲ, ಮುಟ್ಟಿದವರನ್ನೆಲ್ಲ ಓದ್ತಿದೆ! ಹಳೇ ಆಸೆ ಮೊದಲು ಅಂತ ನೀವೇ ಅಂದ್ರಲ್ಲ? ಇಷ್ಟು ಜನ ಹಳಬರ ಮಧ್ಯೆ ಆ ಹುಡುಗಿ ಸರದಿ ಯಾವ ಕಾಲಕ್ಕೆ ಬರಬೇಕು? ತೆಗೀರಿ, ಎಲ್ಲಾ ಕೈ ತೆಗೀರಿ!”

ಕೆಂಡ ಮುಟ್ಟಿದವರಂತೆ ಎಲ್ಲರೂ ಕೈ ಕಿತ್ತುಕೊಂಡರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಕೊಟ್ರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು. “ಲಾರಿ ನಂದೇ ಕಣ್ರೋ! ಏನೀಗ? ಮದ್ವೆಗೆ ಮುಂಚಿಂದ ಇತ್ತು ಆಸೆ. ಗೋವಾನೂ ನಂದೇ.”

ಶಾಂತವೀರಪ್ಪ ಹಸಿರು ಬಾವುಟದ ವಿಷಯ ಎತ್ತಲಿಲ್ಲ. ಯಾರೂ ಕೇಳಲೂ ಇಲ್ಲ, ಎಲ್ಲರಿಗೂ ಅವರವರದೇ ಸಾಕಷ್ಟಾಗಿತ್ತು.

“ಈಗ ನೋಡಿ ನಿಜವಾದ ಪ್ರಯೋಗ!” ಎಂದು ಮೇಷ್ಟ್ರು ಎಲ್ಲರನ್ನೂ ದೂರ ಸರಿಸಿದರು. “ಬಿಂದು ಒಬ್ಬಳೇ. ಯಾರೂ ಹತ್ತಿರ ಬರಬೇಡಿ.” ಸ್ವಿಚ್ಚು ಒತ್ತಿದರು.

ಪಾತ್ರೆಯೊಳಗೆ ಗುಂಯ್ ಶುರುವಾಯಿತು. ಈಗ ಹೇಳುತ್ತದೆ, ಈಗ ಹೇಳುತ್ತದೆ ಎಂದು ಬಿಂದು ಕಣ್ಣು ಮುಚ್ಚಿ ಕಾದಳು. ಅಷ್ಟರಲ್ಲಿ ಗುಂಯ್ ಎನ್ನುವುದು ಕುಯ್ ಎಂದಾಗಿ ನಿಂತೇಹೋಯಿತು. ಕರೆಂಟು ಹೋಗಿತ್ತು!

ಅಂಗಳದಲ್ಲಿ ಬಿಸಿಲು ಧಗಧಗ ಎನ್ನುತ್ತಿದ್ದುದರಿಂದ ಯಾರಿಗೂ ಅದು ಗೊತ್ತಾಗಲಿಲ್ಲ. ಯಂತ್ರ ಇನ್ನೇನು ಬಾಯಿ ಬಿಡುತ್ತದೆ ಎಂದೇ ಎಲ್ಲರೂ ಕಾಯುತ್ತಿದ್ದರು. “ಮೂರೂವರೆ ಆಯ್ತು” ಎಂದು ಅಪ್ಪ ಗೊಣಗಿದ್ದು ಬಿಂದುವಿಗೆ ಕೇಳಿಸಿತು. ಇನ್ನು ಅರ್ಧ ಗಂಟೆ! ಈಗ ಯಾರೂ ಹೇಳದಿದ್ದರೆ ಎರಡು ವರ್ಷ ಕಪ್ಪೆ ಕೊಯ್ಯುವುದೇ ಗತಿ. ಹಾಳಾದ್ದು, ಈ ಪಾತ್ರೆಯೊಳಗೆ ಮುಖವಂತೂ ಕಾಣುವುದಿಲ್ಲವಲ್ಲ! ಬಿಂದು ಬಾಯಿ ತೆರೆದಳು.

“ಬಿಂದುಶ್ರೀ!” ಪಾತ್ರೆಯ ಗೋಡೆಗಳಿಗೆ ಬಡಿದು ದನಿ ಗಡುಸಾಗಿ ಹೊರಬಂತು. “ಕಾಮರ್ಸು! ಆಮೇಲೆ ಪಾತ್ರೆ ಅಂಗಡಿ!”

ಜನ ಹೋ ಎಂದರು. ಶಾಂತವೀರಪ್ಪ ಇಡ್ಲಿ ಪಾತ್ರೆಯ ಮುಂದೆ ಹೋಗಿ, ಅಧಿಕಾರಿಯ ಮುಂದೆ ನಿಂತವರ ಹಾಗೆ ನಿಂತರು. “ನೋಡಿ, ನಿಮಗೆ ಗೊತ್ತಿಲ್ಲ. ಅಂಗಡಿ ಅಂದ್ರೆ ಜೀತ. ಬೆಳಗಿಂದ ರಾತ್ರಿವರೆಗೆ ಕೂತ ಕಡೆ ಕೂತಿರಬೇಕು.”

“ಅಂಗಡೀಲಿ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ದಿನಾ ಹೊಸ ಹೊಸ ಜನ ಬರ್ತಾರೆ, ಬಾಯಿ ತುಂಬ ಮಾತು. ಎಷ್ಟೋ ಮದುವೆಗಳಿಗೆ ನಮ್ಮ ಪಾತ್ರೆ ಹೋಗುತ್ತೆ. ಅಂಗಡಿ ದೊಡ್ಡದು ಮಾಡ್ಬೇಕು.”

“ಅವಳಿನ್ನೂ ಚಿಕ್ಕವಳು. ತನಗೇನು ಬೇಕು ಅಂತ ಅವಳಿಗೇನು ಗೊತ್ತು?”

“ನನಗೆ ಗೊತ್ತು ಅಪ್ಪಾಜಿ!”

ಯಂತ್ರ ಅಪ್ಪಾಜಿ ಎಂದಿತೇ? ಎಲ್ಲರೂ ಕಕ್ಕಾಬಿಕ್ಕಿಯಾದರು. ಒಳಗೆ ಹೋಗಿ ಫ್ಯಾನು ನೋಡಿ ಬಂದ ವಿಶಾಲಾಕ್ಷಮ್ಮ, “ರೀ, ಕರೆಂಟು ಹೋಗಿ ಆಗಲೇ ಎಷ್ಟು ಹೊತ್ತಾಯ್ತು!” ಎಂದರು.

ಶಾಂತವೀರಪ್ಪ ಎರಡೂ ಕೈಯಿಂದ ಪಾತ್ರೆಯನ್ನು ಮೇಲೆತ್ತಿದರು. ಒಳಗೆ ಬೆವರಿಗೆ ಕುಂಕುಮ ಕರಗಿ ಮೂಗಿನವರೆಗೂ ಇಳಿದಿದ್ದ ಮಗಳ ಮುಖ. ಬೈಗುಳಕ್ಕೆ ಸಿದ್ಧವಾಗಿ ಬಿಂದು ಕಣ್ಣು ಮುಚ್ಚಿದಳು. ಬೈಗುಳ ಬರಲಿಲ್ಲ.

“ಗಾರ್ಡ್ ಕೆಲಸಕ್ಕೆ ಪರೀಕ್ಷೆ ಬರೀತೀನಿ ಅಂತ ಹೊರಟಿದ್ದೆ” ಎಂದರು ಶಾಂತವೀರಪ್ಪ ಮೆಲ್ಲಗೆ. “ನಮ್ಮಪ್ಪ ಅಂಗಡಿ ಬೀಗದ ಕೈ ಕೊಟ್ಟು ಕೂರು ಅಂದ್ರು. ನಿನಗೇನು ಬೇಕು ಅಂತ ಒಂದು ಮಾತು ಕೇಳಲಿಲ್ಲ. ನನಗೆ ಬೇಡವಾಗಿದ್ದ ಅಂಗಡಿ ನಿನಗೂ ಬೇಡ ಅಂದ್ಕೊಂಡೆ ಮಗಳೇ. ನಾನೂ ನಿನ್ನ ಕೇಳಲಿಲ್ಲ.”

“ನನಗೆ ಬೇಕು ಅಪ್ಪಾಜಿ. ನಿಜವಾಗ್ಲೂ ಬೇಕು.” ಬಿಂದುವಿಗೆ ಅಳು ಬಂತು. ಉಮಾದೇವಿ ಬಂದು ಸೆರಗಿನಿಂದ ಅವಳ ಮೂಗಿನ ಕುಂಕುಮ ಒರೆಸಿದರು.

“ಸರಿ, ಕಾಮರ್ಸ್ ಓದು. ಆದ್ರೆ ಡಿಗ್ರಿ ಮುಗಿಯೋವರೆಗೂ ಗಲ್ಲಾಕ್ಕೆ ಕೈ ಹಾಕೋ ಹಾಗಿಲ್ಲ!”

“ಭಾನುವಾರ?”

“ಭಾನುವಾರ ನೋಡೋಣ.”

“ಲೋ ಶಾಂತವೀರ, ಮಾತು ಸಾಕು ಕಣ್ಲಾ, ಸ್ಕೂಟರ್ ತೆಗಿ!” ಎಂದು ಕೊಟ್ರಮ್ಮ ಗದರಿದರು. “ಬಾಗ್ಲು ಹಾಕ್‌ಬುಟ್ಟಾರು!”

ಕೆಂಚೇಗೌಡರು ಬೀದಿಯಲ್ಲಿ ಸೀಟಿ ಊದಿ ದಾರಿ ಬಿಡಿಸಿದರು. ಬಿಂದು ಕಾಲೇಜು ಮುಟ್ಟಿದಾಗ ಗುಮಾಸ್ತರು ಕಿಟಕಿ ಎಳೆಯುತ್ತಿದ್ದರು. ಅಪ್ಪ ಆ ಕಿಟಕಿಗೆ ತಮ್ಮ ಕೈ ಅಡ್ಡ ಕೊಟ್ಟು, ಬೆರಳು ಜಜ್ಜಿಸಿಕೊಂಡು, ಮಗಳನ್ನು ಕಾಮರ್ಸಿಗೆ ಸೇರಿಸಿಯೇಬಿಟ್ಟರು!

ಇತ್ತ ಸಂಜೆ ಕರೆಂಟು ಬಂದಾಗ ಒಮ್ಮೆಲೇ ಜೋರಾಗಿ ನುಗ್ಗಿ, ರೆಗ್ಯುಲೇಟರು ಢಬ್ಬೆಂದು ಮತ್ತೆ ಐದಕ್ಕೆ ಹಾರಿ ಅಲ್ಲೇ ಸುಟ್ಟು ಅಂಟಿಕೊಂಡಿತು. ಆಮೇಲೆ ಹಳೇ ಆಸೆ ಬಿಟ್ಟು ಚಿಕ್ಕವರ ಹೊಸ ಆಸೆ ಅದರ ಕಿವಿಗೆ ಬೀಳುವುದೇ ನಿಂತುಹೋಯಿತು. ಹೈಸ್ಕೂಲಿನ ಮಕ್ಕಳು ಯಾರೇ ಕೂತರೂ ವಿಶಾಲಾಕ್ಷಮ್ಮನ ಧ್ವನಿಯಲ್ಲಿ ಒಂದೇ ಉತ್ತರ: “ಹೋಗು, ನಿಮ್ಮ ಮನೆಯ ದೊಡ್ಡವರನ್ನ ಕರ್ಕೊಂಡ್ ಬಾ!”

ಸೋಮವಾರ ಬೆಳಿಗ್ಗೆ ಬಿಂದು ಮೊದಲನೇ ದಿನದ ಕಾಲೇಜಿಗೆ ಹೊರಟಾಗ ಮೇಷ್ಟ್ರ ಗೇಟಿನಿಂದ ಬೀದಿಯ ತಿರುವಿನವರೆಗೂ ಸಾಲು. ಒಂದು ಮಗುವೂ ಇರಲಿಲ್ಲ. ಬ್ಯಾಂಕಿನವರು, ಟೈಲರು, ಮೂವರು ಅಜ್ಜಂದಿರು, ಬಸುರಿ ಸೊಸೆಯ ಜೊತೆ ಅವಳ ಅತ್ತೆ, ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಇಷ್ಟು ಜನ ಒಟ್ಟಿಗೆ ಇಷ್ಟು ಖುಷಿಯಾಗಿರುವುದನ್ನು ಬಿಂದು ನೋಡಿಯೇ ಇರಲಿಲ್ಲ.

ಒಬ್ಬೊಬ್ಬರಿಗೂ ಕಾಫಿ ಕೊಟ್ಟು ಕೊಟ್ಟು ಸೋತಿದ್ದ ವಿಶಾಲಾಕ್ಷಮ್ಮ ಖಾಲಿ ತಟ್ಟೆ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಬಿಂದುವನ್ನು ಕಂಡು ತಲೆಯಾಡಿಸಿದರು.

“ನೀನು ಹೋಗಮ್ಮ, ನಿನ್ನದೇನೂ ಯೋಚನೆ ಇಲ್ಲ. ಇವರೆಲ್ಲ ಒಂದು ದಾರಿಗೆ ಹತ್ತಿದ್ರೆ ಸಾಕಾಗಿದೆ ನನಗೆ!”