ಎರಡು ಬಕೆಟ್ ನೀರಿನ ಸೇವೆ

ಟಣ್! ಆಮೇಲೆ ಒಂದು ಉಸಿರೆಳೆದು ಬಿಡುವಷ್ಟು ಮೌನ. ಮತ್ತೆ ಟಣ್!

ಹಳೆಯ ಲಾರಿಯ ಚಕ್ರದ ರಿಮ್ಮನ್ನು ಮಾವಿನ ಮರಕ್ಕೆ ನೇತುಹಾಕಿ ಕಬ್ಬಿಣದ ಸರಳಿನಿಂದ ಬಡಿಯುವ ಸದ್ದು ಅದು. ಜಾಂಬಿಯಾ ದೇಶದ ಒಂದು ತಾಮ್ರದ ಗಣಿಯ ಊರಿನಲ್ಲಿ ನಮ್ಮ ಚರ್ಚಿನ ಗಂಟೆ ಎಂದರೆ ಅದೇ. ಭಾನುವಾರದ ಆರಾಧನೆಗೆ ಬೇಗಬೇಗ ಬಡಿಯುತ್ತಿದ್ದರು. ಯಾರಾದರೂ ತೀರಿಕೊಂಡರೆ ಹೀಗೆ, ನಿಧಾನವಾಗಿ.

ಕೊಪ್ಪಳದವರಾದ ನಾವು ಗಂಡ ಹೆಂಡತಿ ಅಲ್ಲಿನ ಸೆಕೆಂಡರಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆವು. ಇವರು ಮ್ಯಾಥ್ಸ್, ನಾನು ಇಂಗ್ಲಿಷ್. ಕಾನ್ವೆಂಟಿನ ಸಿಸ್ಟರುಗಳು ನನಗೆ ಚಾಕು-ಫೋರ್ಕು ಹಿಡಿಯುವುದರಿಂದ ಹಿಡಿದು ಕರ್ಚೀಫು ಮಡಿಸುವವರೆಗೆ ಎಲ್ಲ ಮ್ಯಾನರ್ಸ್ ಕಲಿಸಿದ್ದರು. ಉಳಿದದ್ದನ್ನು ಮಂಗಳೂರಿನ ಅತ್ತೆ ಕಲಿಸಿದ್ದರು. ಮೀನಿನ ಮಂಗಳೂರಲ್ಲ, ಯಲಬುರ್ಗಾ ಕಡೆಯ ಜೋಳದ ಮಂಗಳೂರು! ಹೀಗೆ ಎರಡೆರಡು ಯೂನಿವರ್ಸಿಟಿಯಲ್ಲಿ ಪಾಸಾದವಳಿಗೆ ಜಗತ್ತಿನ ಯಾವ ಮನೆಯಲ್ಲೂ ತಪ್ಪು ಆಗಲಾರದು ಎಂಬ ಪೂರ್ಣ ಭರವಸೆ ಇತ್ತು.

ಪಕ್ಕದ ಕ್ವಾರ್ಟರ್ಸಿನಲ್ಲಿ ಬಾನಾ ಚಂದಾ ಇದ್ದಳು. ನಮ್ಮ ಶಾಲೆಯದೇ ಟೀಚರು, ಚರ್ಚಿನ ಮಹಿಳಾ ಸಂಘದ ಮುಖ್ಯಸ್ಥೆ. ಬಾನಾ ಚಂದಾ ಎಂದರೆ ಚಂದಾಳ ತಾಯಿ. ಮಕ್ಕಳಾದ ಮೇಲೆ ಅಲ್ಲಿ ಹೆಂಗಸರಿಗೆ ಅದೇ ಹೆಸರು. ಮಕ್ಕಳಿಲ್ಲದ ನಾನು, ವರ್ಷಗಳು ಕಳೆದರೂ, ಇಡೀ ಊರಿಗೆ ಬರೀ "ಮೇಡಂ". ಆದರೆ ಮಹಿಳಾ ಸಂಘಕ್ಕೆ ಸೇರಿದವರನ್ನು ಮಾತ್ರ, ಮಕ್ಕಳಿರಲಿ ಬಿಡಲಿ, ಎಲ್ಲರೂ "ಮಾಯೋ" ಎನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಅವ್ವ. ನನ್ನನ್ನು ಸಂಘಕ್ಕೆ ಸೇರಿಸಬೇಕೆಂದು ಬಾನಾ ಚಂದಾಳೇ ಪಟ್ಟು ಹಿಡಿದಿದ್ದಳು. ಆ ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ನನ್ನ ತಲೆಗೆ ಸಂಘದ ಬಿಳಿ ವಸ್ತ್ರ ಕಟ್ಟಬೇಕಿತ್ತು. ಕೆಂಪು ಬ್ಲೌಸು ಆಗಲೇ ಹೊಲಿದು ಬಂದಿತ್ತು. ಕನ್ನಡಿಯ ಮುಂದೆ ನಿಂತು ನನಗೆ ನಾನೇ "ಮಾಯೋ" ಎಂದು ಕರೆದುಕೊಂಡು "ಯೆಸ್?" ಎಂದು ಉತ್ತರವನ್ನೂ ಕೊಟ್ಟುಕೊಂಡಿದ್ದೆ!

ಅಷ್ಟರಲ್ಲಿ ಶುಕ್ರವಾರ ಸಂಜೆ ಈ ಟಣ್.

ಇವರು ಗೇಟಿನ ತನಕ ಹೋಗಿ ವಿಚಾರಿಸಿಕೊಂಡು ಬಂದರು. "ಬಾನಾ ಚಂದಾನ ಅವ್ವ ತೀರಿಕೊಂಡಾಳಂತ."

"ಅಯ್ಯ ದೇವ್ರ! ಮತ್ತ ರವಿವಾರದ್ದು ಹೆಂಗ್ರೀ?"

"ತಲಿ ಐತೇನ ನಿನಗ? ಅವರವ್ವ ಹೋಗ್ಯಾಳ, ನೀ ಬ್ಲೌಸಿನ ಚಿಂತಿ ಮಾಡಾಕ ಕುಂತಿ."

ನನಗೆ ನಾಚಿಕೆಯಾಯಿತು. ನಾಚಿಕೆ ಕಳೆದುಕೊಳ್ಳಲು ಸೇವೆಗಿಂತ ಒಳ್ಳೆಯ ದಾರಿ ಯಾವುದಿದೆ? ಶನಿವಾರ ನಸುಕಿನಲ್ಲೇ ಎದ್ದು, ಗಂಗಾವತಿಯಿಂದ ತಂದಿಟ್ಟುಕೊಂಡಿದ್ದ ಸೋನಾ ಮಸೂರಿಯ ಕೊನೆಯ ಉಳಿಕೆಯನ್ನು ಕುಕ್ಕರಿಗೆ ಹಾಕಿ ಅನ್ನ ಮಾಡಿದೆ. ಸಾವಿನ ಮನೆಗೆ ನೆರೆಯವರು ಊಟ ಒಯ್ಯಬೇಕು. ಅತ್ತೆಯ ಮೊದಲ ಆಜ್ಞೆ. ಹೆಣ ಎತ್ತುವವರೆಗೆ ಆ ಮನೆಯಲ್ಲಿ ಬೆಂಕಿ ಹೊತ್ತಿಸಬಾರದು. ಎರಡನೆಯ ಆಜ್ಞೆ. ನಾವು ಕ್ರೈಸ್ತರಾಗಿ ಮೂರು ತಲೆಮಾರು ಕಳೆದರೂ ತೀರಿಹೋದ ಅತ್ತೆಯ ಅಡುಗೆಮನೆಯಲ್ಲಿ ಕೊನೆಯವರೆಗೂ ಹಳೆಯ ಒಡಂಬಡಿಕೆಯೇ ನಡೆಯುತ್ತಿತ್ತು.

ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಕುಕ್ಕರ್ ಹಿಡಿದು, ಅತ್ಯಂತ ಗಂಭೀರ ಮುಖದಿಂದ ಒಳಗೆ ಕಾಲಿಟ್ಟೆ. ಅಲ್ಲಿ ಇನ್ನೂರು ಜನ! ನನ್ನ ಕುಕ್ಕರು ಐದು ಲೀಟರಿನದು. ಒಬ್ಬ ಮುದುಕಿ ನನ್ನ ಸೀರೆ ನೋಡಿ ತಲೆಯಾಡಿಸಿ, ಹೆಂಗಸರು ಅಲ್ಲಿ ದುಃಖದ ಮನೆಯಲ್ಲಿ ಸೊಂಟಕ್ಕೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆಯನ್ನು ನನಗೆ ತಾನೇ ಬಿಗಿದಳು. ಅದರ ಮೇಲೆ ಯಾವುದೋ ಚುನಾವಣೆಯ ಅಭ್ಯರ್ಥಿಯ ದೊಡ್ಡ ಫೋಟೋ ಅಚ್ಚಾಗಿತ್ತು. ಆ ದಿನವಿಡೀ ಆ ಮಹಾಶಯರು ನನ್ನ ಹಿಂಬದಿಯಿಂದ ಜನರಿಗೆ ಕೈಮುಗಿಯುತ್ತಿದ್ದರು!

ಹೆಂಗಸರು ಒಳಗೆ ಚಾಪೆಯ ಮೇಲೆ ಹಾಡುತ್ತ ಅಳುತ್ತ ಕೂತಿದ್ದರು. ಗಂಡಸರು ಕೆಲವರು ಬಾನಾ ಚಂದಾಳ ಸೋದರಮಾವನ ಜೊತೆ ಆಸ್ಪತ್ರೆಯಿಂದ ಶವ ತರಲು ಹೋಗಿದ್ದರು. ಉಳಿದವರು ಗುಂಡಿ ತೋಡಲು. ಅವರ ಜೊತೆ ಇವರೂ ಗುದ್ದಲಿ ಹಿಡಿದು ಹೊರಟರು. ನಾನು ಕೈತೊಳೆಯಲು ಹಿಂದಿನ ಅಂಗಳಕ್ಕೆ ಬಂದೆ.

ಅಂಗಳದ ನಡುವೆ ಬೆಂಕಿ!

ದಪ್ಪ ಕೊರಡುಗಳು ಸದ್ದಿಲ್ಲದೆ ಉರಿಯುತ್ತಿವೆ. ಮೇಲೆ ಪಾತ್ರೆಯಿಲ್ಲ, ಸುತ್ತ ಯಾರೂ ಇಲ್ಲ, ಖಾಲಿ ಕುರ್ಚಿಗಳು ಮಾತ್ರ. ಪಾಪ, ದುಃಖದಲ್ಲಿ ಯಾರಿಗೂ ಇದರ ನೆನಪೇ ಇಲ್ಲ ಎಂದುಕೊಂಡೆ. ಅತ್ತೆ ಸ್ವರ್ಗದಿಂದ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ನಲ್ಲಿಯ ಹತ್ತಿರ ಎರಡು ಬಕೆಟ್ ನೀರು ತುಂಬಿಟ್ಟಿದ್ದರು. ಮೊದಲನೆಯದಕ್ಕೆ ಚುಂಯ್ ಎಂದಿತು. ಎರಡನೆಯದಕ್ಕೆ ಸುಮ್ಮನಾಯಿತು.

ಕೆಲಸ ಅಚ್ಚುಕಟ್ಟು! ಬೂದಿಯನ್ನು ಕಾಲಿನಿಂದ ಸ್ವಲ್ಪ ಸಮ ಕೂಡ ಮಾಡಿದೆ.

ಆಗ ಆ ಬಟ್ಟೆ ಬಿಗಿದ ಮುದುಕಿ ಬಾಗಿಲಿಗೆ ಬಂದಳು. ನೋಡಿದಳು. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಒಂದು ಕೂಗು ಹಾಕಿದಳು. ಒಳಗಿನ ಹಾಡು ಗಕ್ಕನೆ ನಿಂತಿತು. ಅಷ್ಟು ಹೊತ್ತಿನ ಅಳುವಿಗಿಂತ ಅದು ನಿಂತದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಏನೋ ಎಡವಟ್ಟಾಗಿದೆ, ಏನೆಂದು ಗೊತ್ತಿಲ್ಲ. ಹಾಗಿದ್ದಾಗ ಸುಮ್ಮನೆ ನಿಲ್ಲುವವಳು ಬುದ್ಧಿವಂತೆ. ನಾನು ಕಡ್ಡಿಪೆಟ್ಟಿಗೆ ಹುಡುಕಿದೆ! ಮೂಲೆಯಲ್ಲಿದ್ದ ಸೀಮೆಎಣ್ಣೆ ಸುರಿದು, ಹಳೆಯ ಪೇಪರ್ ತುರುಕಿ, ಕಡ್ಡಿ ಗೀರಿದೆ. ಒದ್ದೆ ಕೊರಡು ಹೊತ್ತಲಿಲ್ಲ. ಹೊಗೆ ಎದ್ದಿತು. ನಮ್ಮ ಕೊಪ್ಪಳದ ಪಕ್ಕದ ಗಿಣಿಗೇರಾದ ಫ್ಯಾಕ್ಟರಿಗಳೆಲ್ಲ ಸೇರಿದರೂ ಆಗದಂಥ ಹೊಗೆ! ಅದು ನೇರ ಕಿಟಕಿಯಿಂದ ಒಳಗೆ ನುಗ್ಗಿತು. ಚಾಪೆಯ ಮೇಲಿದ್ದವರೆಲ್ಲ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. ಆ ದಿನ ತೀರಿಕೊಂಡವಳಿಗಾಗಿ ಅತ್ತವರೆಷ್ಟು, ನನ್ನ ಹೊಗೆಗೆ ಅತ್ತವರೆಷ್ಟು, ದೇವರೇ ಬಲ್ಲ.

ಕೊನೆಯಲ್ಲಿ ಬಾನಾ ಚಂದಾ ಬಂದಳು. ಬರಿಗಾಲಲ್ಲಿ ಒದ್ದೆ ಬೂದಿಯ ಅಂಚಿನಲ್ಲಿ ನಿಂತಳು.

"ಯಾಕೆ?" ಎಂದಳು ಇಂಗ್ಲಿಷಿನಲ್ಲಿ. ಅಷ್ಟೇ.

"ನಮ್ಮ ಕಡೆ ಸಾವಿನ ಮನೆಯಲ್ಲಿ ಬೆಂಕಿ ಹೊತ್ತಿಸುವುದಿಲ್ಲ. ಐ ಓನ್ಲಿ ವಾಂಟೆಡ್ ಟು ಹೆಲ್ಪ್."

"ನಮ್ಮ ಕಡೆ ಮಣ್ಣು ಮಾಡಿ ಬರುವವರೆಗೆ ಆರಿಸುವುದಿಲ್ಲ. ಇದು ಉರಿಯುವವರೆಗೆ ಅಮ್ಮ ಇನ್ನೂ ಮನೆಯಲ್ಲಿದ್ದಾಳೆ ಎಂದು ನಮ್ಮ ನಂಬಿಕೆ." ಸ್ವಲ್ಪ ತಡೆದು, "ಈಗ ಇಲ್ಲ" ಎಂದಳು.

ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಹೊತ್ತಿಸಿದ ಸೋದರಮಾವನೇ ಮತ್ತೆ ಹೊತ್ತಿಸಬೇಕಂತೆ. ಶವ ತಂದವನು ಅದನ್ನು ಗಾಡಿಯಲ್ಲೇ ಬಿಟ್ಟು, ಮೊಣಕಾಲೂರಿ, ನನ್ನ ಒದ್ದೆ ಕೊರಡುಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ. ಇನ್ನೂರು ಜನ ಬಿಸಿಲಲ್ಲಿ ಕಾದರು. ಹೊಸ ಬೆಂಕಿ ಏಳುವವರೆಗೆ ತಾಯಿ ಹೊಸ್ತಿಲು ದಾಟುವಂತಿರಲಿಲ್ಲ. ಅಷ್ಟರಲ್ಲಿ ಇವರು ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡು ಬಂದರು.

"ಏನ್ ಮಾಡಿದಿ ಮಾರಾಯ್ತಿ?"

"ನಿಮ್ಮವ್ವ ಹೇಳಿದ್ದನ್ನ ಮಾಡೀನ್ರಿ!"

"ನಮ್ಮವ್ವ ಇಲ್ಲಿಗೂ ಬಂದ್ಲಾ!"

ಇವರು ಊರಿಗೆ ಬಂದ ಮೇಲೆ ಈ ಕತೆಯನ್ನು ಎಲ್ಲರಿಗೂ ನಗುತ್ತ ಹೇಳುತ್ತಾರೆ. ಅಂದು ಮಾತ್ರ ನಗಲಿಲ್ಲ.

ಭಾನುವಾರ ನಾನು ಮನೆಯಲ್ಲೇ ಇರಬೇಕಿತ್ತು. ಕೆಂಪು ಬ್ಲೌಸು ತೊಟ್ಟು ಹೋದೆ! ಕ್ಷಮೆಯ ಬಗ್ಗೆ ಅಷ್ಟೆಲ್ಲ ಪ್ರಸಂಗ ಮಾಡುವ ಜಾಗವಲ್ಲವೇ, ನನಗೂ ಸ್ವಲ್ಪ ಸಿಕ್ಕೀತು ಎಂಬ ಲೆಕ್ಕ. ಬಾನಾ ಚಂದಾ ಬಂದಿರಲಿಲ್ಲ, ಅವಳ ಜಾಗ ಖಾಲಿಯಿತ್ತು. "ಹೊಸ ತಾಯಂದಿರು ಮುಂದೆ ಬನ್ನಿ" ಎಂದು ಪಾಸ್ಟರು ಕರೆದರು. ಮೂವರು ಎದ್ದರು. ನಾನು ನಾಲ್ಕನೆಯವಳಾಗಿ ನಡೆದೆ. ಪೀಠದ ಹತ್ತಿರ ಬಂದಾಗ ನೋಡುತ್ತೇನೆ, ಸಂಘದ ಹೆಂಗಸಿನ ಕೈಯಲ್ಲಿ ಬಿಳಿ ವಸ್ತ್ರ ಮೂರೇ ಇವೆ.

ಚರ್ಚು ತುಂಬ ಜನ. ಪಾಸ್ಟರು ಒಳ್ಳೆಯ ಮನುಷ್ಯ. ನನ್ನ ಮಾನ ಕಾಯಲು ಅತ್ಯಂತ ಮೃದುವಾಗಿ, "ಮೇಡಂ, ಪ್ಲೀಸ್, ಆ ಕಿಟಕಿ ಸ್ವಲ್ಪ ತೆರೆಯುತ್ತೀರಾ?" ಎಂದರು.

ಅದಕ್ಕೇ ಎದ್ದು ಬಂದವಳಂತೆ ಹೋಗಿ ತೆರೆದೆ. ಚಿಲಕ ಬಿಗಿಯಾಗಿತ್ತು. ಗುದ್ದಬೇಕಾಯಿತು. ಆ ಗುದ್ದಿನ ನಡುವೆ ಆ ಮೂವರೂ ಅವ್ವಂದಿರಾದರು. ಬೆಂಚಿಗೆ ಬಂದು ಕೂತಾಗ ಇವರು ಪಿಸುಗುಟ್ಟಿದರು: "ಗಾಳಿ ಛಲೋ ಬರಾಕತ್ತೈತಿ ನೋಡು." ಸಮಾಧಾನ ಮಾಡಲು ಇವರಿಗೆ ಬರುವುದು ಅಷ್ಟೇ.

ನನ್ನ ಕುಕ್ಕರು ಆ ವಾರವೇ ವಾಪಸು ಬಂತು. ಬಾನಾ ಚಂದಾಳಿಗೂ ನನಗೂ ಪಾತ್ರೆಗಳು ಹೋಗಿ ಬರುವ ರೂಢಿ ಮೊದಲಿನಿಂದ ಇತ್ತು, ಯಾರೂ ಯಾರಿಗೂ ಖಾಲಿ ಪಾತ್ರೆ ಕೊಟ್ಟವರಲ್ಲ. ಈ ಸಲ ತೊಳೆದು, ಒರೆಸಿ, ಫಳಫಳ ಹೊಳೆಯಿಸಿ ಕಳಿಸಿದ್ದಳು. ಮುಚ್ಚಳ ತೆಗೆದೆ. ಶೇಂಗಾ ಇಲ್ಲ, ಗೆಣಸಿಲ್ಲ. ಸೀಟಿಯ ಕೆಳಗೆ ಕೂಡ ಇಣುಕಿದೆ!

ಆಮೇಲೂ ಸ್ಟಾಫ್ ರೂಮಿನಲ್ಲಿ ನಗುತ್ತಿದ್ದಳು, ಚಾಕ್‌ಪೀಸು ಕೊಡುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ನಮ್ಮ ಕಾಂಟ್ರಾಕ್ಟೂ ಮುಗಿಯಿತು.

ಅವಳನ್ನು ಕೊನೆಯ ಸಲ ನೋಡಿದ್ದು ನಾವು ಊರು ಬಿಟ್ಟ ದಿನ, ಬಸ್ಸಿನ ಕಿಟಕಿಯಿಂದ. ಮಹಿಳಾ ಸಂಘದವರು ಕೆಂಪು ಬ್ಲೌಸು, ಬಿಳಿ ವಸ್ತ್ರದಲ್ಲಿ ರಸ್ತೆಯ ಬದಿಗೆ ಸಾಲಾಗಿ ನಿಂತು ಹಾಡುತ್ತಿದ್ದರು. ಮುಂದೆ ಬಾನಾ ಚಂದಾ. ನಾನು ಅರ್ಧ ಹೊರಗೆ ವಾಲಿ ಜೋರಾಗಿ ಕೈ ಬೀಸಿದೆ. ಅವಳೂ ಕೈಯೆತ್ತಿ ಬೀಸಿದಳು. ಇಡೀ ಸಾಲು ಬೀಸಿತು! ನನ್ನನ್ನು ಬೀಳ್ಕೊಡಲು ಬಂದಿದ್ದರು ಎಂದೇ ಇಷ್ಟು ವರ್ಷ ಕೊಪ್ಪಳದ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

"ಏ, ಅವ್ರು ಬಿಷಪ್ಪರ ಕಾರಿಗೆ ಕೈ ಮಾಡ್ಯಾರ. ನಮ್ಮ ಬಸ್ಸಿನ ಹಿಂದ ಇತ್ತು" ಎನ್ನುತ್ತಾರೆ ಇವರು, ಪ್ರತಿ ಸಲವೂ, ನೆಂಟರ ಮುಂದೆಯೇ.

ಕಾರು ಇತ್ತು. ನಾನೂ ನೋಡಿದ್ದೆ.