ಹಿಮದ ಮೇಡಂ, ಲೆವೆಲ್ ಟೂ ಫೇಲ್

ವಾರದಲ್ಲಿ ಐದು ದಿನ ಬೆಲ್ವ್ಯೂನ ಆಫೀಸಿನಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಶನಿವಾರ ಬೆಟ್ಟಕ್ಕೆ ಹೋದರೆ ಬೇರೆಯವರೆಲ್ಲ ಸೇರಿ ನನ್ನಲ್ಲಿ ತಪ್ಪು ಹುಡುಕುತ್ತಾರೆ. ಸಮಾಮಿಶ್‌ನ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ಸಿಗುವ ಆ ಬೆಟ್ಟದಲ್ಲಿ ನಾನು ಸ್ಕೀ ಟೀಚರು. ಎಂಟು ಚಳಿಗಾಲ ಆಯಿತು. ಒಂದಾದರೂ ಮಾನವಾಗಿ ಮುಗಿದದ್ದು ನನಗೆ ನೆನಪಿಲ್ಲ.

ಈ ಕೆಲಸಕ್ಕೂ ಸರ್ಟಿಫಿಕೇಟು ಇದೆ. ಲೆವೆಲ್ ಒನ್ ಪಾಸಾದರೆ ಮೂಗು ಸೋರುವ ವಯಸ್ಸಿನ ಮಕ್ಕಳಿಗೆ ಕಲಿಸಬಹುದು. ಲೆವೆಲ್ ಟೂ ಆದರೆ ತಮ್ಮ ಮೂಗು ತಾವೇ ಒರೆಸಿಕೊಳ್ಳುವ ಮಕ್ಕಳು ಸಿಗುತ್ತಾರೆ. ಲೆವೆಲ್ ತ್ರೀ ಆದವರು ನಮ್ಮ ಜೊತೆ ಮಾತಾಡುವುದಿಲ್ಲ. ಸರಿ, ಒಂದು ಸಲ ಪಾಸಾದೆ, ಮುಗಿಯಿತು ಅಂದುಕೊಳ್ಳುವ ಹಾಗೂ ಇಲ್ಲ. ಎರಡು ವರ್ಷಕ್ಕೊಮ್ಮೆ ಇಷ್ಟು ಗಂಟೆ ತರಬೇತಿ ಮಾಡಿದ್ದೇನೆ ಅಂತ ತೋರಿಸದಿದ್ದರೆ ಇದ್ದದ್ದೂ ರದ್ದು. ಮೈಸೂರಿನಲ್ಲಿ ನಾನು ಬಿ.ಇ. ಮಾಡಿ ಇಪ್ಪತ್ತೈದು ವರ್ಷ ಆಯಿತು. ಕಲಿತದ್ದೆಲ್ಲ ಮರೆತರೂ ಇವತ್ತಿನವರೆಗೆ ಯಾರೂ ಬಂದು ಡಿಗ್ರಿ ವಾಪಸ್ ಕೊಡು ಅಂದಿಲ್ಲ. ಹಿಮದ ಮೇಲೆ ಜಾರುವುದಕ್ಕೆ ಮಾತ್ರ ಈ ಪಾಡು.

ಸಮೋಸ ಮತ್ತು ನುಗ್ಗೇಕಾಯಿ

ಲೆವೆಲ್ ಒನ್ ಪರೀಕ್ಷೆಯಲ್ಲಿ ನಮ್ಮ ಪರೀಕ್ಷಕರು ಒಬ್ಬ ಗಡ್ಡದ ಮನುಷ್ಯ. ಗಡ್ಡದಲ್ಲಿ ಯಾವಾಗಲೂ ಹಿಮ ಇರುತ್ತಿತ್ತು. ಮಕ್ಕಳಿಗೆ ನಿಲ್ಲುವುದನ್ನು ಕಲಿಸಲು ಎಲ್ಲರೂ ಹೇಳುವ ಮಾತು ಒಂದೇ: ಕಾಲಿಗೆ ಕಟ್ಟಿದ ಹಲಗೆಗಳ, ಅಂದರೆ ಸ್ಕೀಗಳ, ಮುಂದಿನ ತುದಿ ಹತ್ತಿರ ತಂದು, ಹಿಂದೆ ಅಗಲ ಮಾಡಿ, ಪಿಜ್ಜಾ ತುಂಡಿನ ಆಕಾರ ಮಾಡು. ನನಗಿಂತ ಮೊದಲು ಆರು ಜನ ಪಿಜ್ಜಾ ಅಂದರು. ಗಡ್ಡದವರು ಆಕಳಿಸಿ, "ಯಾರಾದರೂ ಹೊಸದಾಗಿ ಏನಾದರೂ ಹೇಳ್ತೀರಾ?" ಅಂದರು.

ನಾನು ಕೈ ಎತ್ತಿ, "ಸಮೋಸ" ಅಂದೆ.

ಅವರ ಕಣ್ಣು ಅರಳಿತು. ನಮ್ಮವರೇ ತುಂಬಿರುವ ಬೆಲ್ವ್ಯೂನಲ್ಲಿ ಸಮೋಸ ತಿನ್ನದವರು ಯಾರಿದ್ದಾರೆ? "ಭೇಷ್! ಹಾಗಾದ್ರೆ ಸ್ಕೀಗಳನ್ನ ನೇರವಾಗಿ, ಪಕ್ಕಪಕ್ಕದಲ್ಲಿ ಇಡೋದಕ್ಕೆ?"

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆ ಹೊತ್ತಿಗೆ ಕಣ್ಣ ಮುಂದೆ ಬಂದದ್ದು ಸಾರಿನಲ್ಲಿ ಉದ್ದುದ್ದಕ್ಕೆ ಮಲಗಿರುವ ನುಗ್ಗೇಕಾಯಿ. ಅದಕ್ಕೆ ಇಂಗ್ಲಿಷಿನಲ್ಲಿ ನಮಗೆ ಗೊತ್ತಿರುವುದು ಒಂದೇ ಪದ. "ಡ್ರಮ್‌ಸ್ಟಿಕ್ಸ್! ತಟ್ಟೆಯಲ್ಲಿ ಎರಡು ಡ್ರಮ್‌ಸ್ಟಿಕ್ ಪಕ್ಕಪಕ್ಕ ಇಟ್ಟ ಹಾಗೆ!"

ಗಡ್ಡದವರು ಬಹಳ ಹೊತ್ತು ತಮ್ಮ ಸ್ಕೀಗಳನ್ನೇ ನೋಡಿದರು. ಆಮೇಲೆ ಎರಡು ಮಂಡಿ ಅಗಲಿಸಿ, ಪಾದ ಒಳಗೆ ತಿರುಗಿಸಿ, ಕೋಳಿ ಕಾಲಿನ ಆಕಾರ ತರಲು ನೋಡಿದರು. "ಹೀಗಾ?" ಅಂದರು. ಇಲ್ಲಿ ಡ್ರಮ್‌ಸ್ಟಿಕ್ ಅಂದರೆ ಕೋಳಿ ಕಾಲು ಅಂತ ಗೊತ್ತಿರದ, ಜನ್ಮದಲ್ಲಿ ಕೋಳಿ ಮುಟ್ಟದ ನನಗೆ ಅವರು ಏನು ಮಾಡುತ್ತಿದ್ದಾರೆ ಅಂತ ತಿಳಿಯಲೇ ಇಲ್ಲ. "ಹೂಂ, ಹೂಂ, ಸ್ವಲ್ಪ ಅಂಟಿಕೊಂಡ ಹಾಗೆ, ಉದ್ದಕ್ಕೆ" ಅಂತ ಹುರಿದುಂಬಿಸಿದೆ.

ಹೇಗೋ ಪಾಸಾದೆ. ನನ್ನ ಹಾಳೆಯ ಕೆಳಗೆ ಅವರು ಬರೆದಿದ್ದರು: "ಕಲ್ಪನಾಶಕ್ತಿ ಉತ್ತಮ. ಕೋಳಿಯ ಭಾಗ ಅರ್ಥವಾಗಲಿಲ್ಲ."

ಯಜಮಾನರ ಯೋಗ್ಯತೆ

ಎರಡು ವರ್ಷಕ್ಕೊಮ್ಮೆ ತೋರಿಸಬೇಕಾದ ತರಬೇತಿಯಲ್ಲಿ ಕೆಲವು ಗಂಟೆ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಬಹುದು. ಮಕ್ಕಳ ಮನಸ್ಸು, ಮಕ್ಕಳ ಭಯ, ಮಕ್ಕಳ ಮಂಡಿ, ಹೀಗೆ ಒಂದೊಂದಕ್ಕೂ ಒಂದೊಂದು ವೀಡಿಯೋ. ನಡುನಡುವೆ "ನೀವು ಇನ್ನೂ ಇದ್ದೀರಾ?" ಅಂತ ಒಂದು ಗುಂಡಿ ಬರುತ್ತದೆ. ಒತ್ತದಿದ್ದರೆ ಮೊದಲಿಂದ ನೋಡಬೇಕು.

ಒಂದು ಭಾನುವಾರ ನನ್ನ ಲ್ಯಾಪ್‌ಟಾಪು ಅಪ್‌ಡೇಟಿಗೆ ಕೂತಿತು ಅಂತ ಯಜಮಾನರದ್ದು ತೆಗೆದುಕೊಂಡು ಅಡುಗೆಮನೆಯಲ್ಲಿ ಇಟ್ಟುಕೊಂಡೆ. ಒಂದು ಕೈಯಲ್ಲಿ ಒಗ್ಗರಣೆ, ಇನ್ನೊಂದು ಕೈಯಲ್ಲಿ "ಇದ್ದೇನೆ". ಎರಡು ಸಲ ಸಾಸಿವೆ ಸೀದು ಹೋಯಿತು, ಒಂದು ಸಲ ಗುಂಡಿ ತಪ್ಪಿಹೋಗಿ ಮಕ್ಕಳ ಭಯವನ್ನು ಮೊದಲಿಂದ ನೋಡಿದೆ. ಸಂಜೆ ಐದಕ್ಕೆ ಕೊನೆಯ ಪ್ರಶ್ನೆಗೂ ಸರಿ ಉತ್ತರ ಕೊಟ್ಟೆ. ತೆರೆಯ ಮೇಲೆ ಬಣ್ಣಬಣ್ಣದ ಕಾಗದದ ಚೂರುಗಳು ಉದುರಿ ಸರ್ಟಿಫಿಕೇಟು ಬಂತು.

ಹೆಸರಿನ ಜಾಗದಲ್ಲಿ ಯಜಮಾನರ ಹೆಸರು.

ಅವರ ಲ್ಯಾಪ್‌ಟಾಪು ತಾನಾಗಿಯೇ ಅವರ ಹೆಸರು ತುಂಬಿಸಿಕೊಂಡು, ಅವರದ್ದೇ ಹೊಸ ಖಾತೆ ತೆರೆದು ಕೂತಿತ್ತು. ಈ ಮನುಷ್ಯ ಹಿಮ ಬಿದ್ದ ದಿನ ಕಸದ ಡಬ್ಬ ಹೊರಗಿಡಲೂ ಹೋಗುವುದಿಲ್ಲ. ಈಗ ಅಧಿಕೃತವಾಗಿ ಮಕ್ಕಳ ಸ್ಕೀ ತಜ್ಞ. ನಾನು ಅಳುವ ಹಾಗೆ ಆಗಿದ್ದರೆ ಅವರು ಕನ್ನಡಕ ಹಾಕಿಕೊಂಡು ಓದಿ, "ಚೆನ್ನಾಗಿದೆ ಕಣೇ. ಪ್ರಿಂಟ್ ತೆಗೀಲಾ?" ಅಂದರು.

ಮಾರನೆಯ ದಿನವೇ ಸರ್ಟಿಫಿಕೇಟಿನವರಿಗೆ ಮೇಲ್ ಬರೆದೆ: ತಪ್ಪಾಗಿದೆ, ದಯವಿಟ್ಟು ಆ ಗಂಟೆಗಳನ್ನು ನನ್ನ ಹೆಸರಿಗೆ ಹಾಕಿ. ವಾರದ ಮೇಲೆ ವಿನಯವಾದ ಉತ್ತರ ಬಂತು. ಒಬ್ಬರ ಕಲಿಕೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ನಿಯಮದಲ್ಲಿ ಅವಕಾಶ ಇಲ್ಲ. ತಾವು ಪುನಃ ಮಾಡಬೇಕು. ಮತ್ತೊಂದು ವಿಷಯ, ತಮ್ಮ ಪತಿಯವರು ಎರಡು ವರ್ಷದೊಳಗೆ ನವೀಕರಿಸದಿದ್ದರೆ ಅವರ ಅರ್ಹತೆ ರದ್ದಾಗುತ್ತದೆ, ದಯವಿಟ್ಟು ನೆನಪಿಸಿ.

ಇಂಟರೆಸ್ಟಿಂಗ್

ನಮ್ಮ ಬೆಟ್ಟದಲ್ಲಿ ಹಿಮಕ್ಕಿಂತ ಮಳೆ ಹೆಚ್ಚು. ಮಳೆ ಬಂದರೂ ತರಬೇತಿ ನಿಲ್ಲುವುದಿಲ್ಲ. ಕಸ ತುಂಬುವ ಪ್ಲಾಸ್ಟಿಕ್ ಚೀಲಕ್ಕೆ ಮೂರು ತೂತು ಮಾಡಿ ಮೈಮೇಲೆ ಹಾಕಿಕೊಂಡು, ಹತ್ತು ಜನ ದೊಡ್ಡವರು ಒಬ್ಬರ ಹಿಂದೆ ಒಬ್ಬರು ಜಾರಿಕೊಂಡು ಹೋಗುತ್ತೇವೆ. ತರಬೇತಿ ಕೊಡುವ ಹೆಂಗಸು ಕೆಳಗೆ ನಿಂತು ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳುತ್ತಾಳೆ.

ನನಗೆ ಮೂರು ವರ್ಷ ಸತತವಾಗಿ "ಇಂಟರೆಸ್ಟಿಂಗ್!" ಅಂದಿದ್ದಳು. ನಮ್ಮ ಶಾಲೆಯಲ್ಲಿ ಮೇಷ್ಟರಿಗೆ ಇಷ್ಟವಾಗದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಇಲ್ಲಿ ನಗುಮುಖ, ಹೆಬ್ಬೆರಳು ಮೇಲೆ, ಇಂಟರೆಸ್ಟಿಂಗ್! ಮನೆಗೆ ಬಂದು ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು.

ಒಂದು ಮಳೆಯ ದಿನ ನನ್ನ ಪಕ್ಕ ನಿಂತಿದ್ದವರು ರಿಟೈರ್ ಆದ ಬಸ್ ಡ್ರೈವರು. ಎಪ್ಪತ್ತು ದಾಟಿದ ವಯಸ್ಸು, ಬಿಳಿ ಮೀಸೆ, ನನ್ನ ಹಾಗೇ ಲೆವೆಲ್ ಟೂಗೆ ಕಾಯುತ್ತಿದ್ದವರು. "ಇವತ್ತೂ ಇಂಟರೆಸ್ಟಿಂಗ್ ಅಂದ್ರು ನನಗೆ" ಅಂತ ಹೆಮ್ಮೆಯಿಂದ ಹೇಳಿದೆ.

ಅವರು ಮೀಸೆಯ ನೀರು ಒರೆಸಿಕೊಂಡು, ಮಗಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು. "ನೋಡಮ್ಮ. 'ಗುಡ್' ಅಂದ್ರೆ ಕೆಟ್ಟದಾಗಿದೆ ಅಂತ. 'ಗ್ರೇಟ್ ಎಫರ್ಟ್' ಅಂದ್ರೆ ಬಹಳ ಕೆಟ್ಟದಾಗಿದೆ ಅಂತ."

"ಇಂಟರೆಸ್ಟಿಂಗ್ ಅಂದ್ರೆ?"

"ಇಷ್ಟು ಹೊತ್ತಿಗೆ ನೀನು ಬಿದ್ದಿರಬೇಕಿತ್ತಲ್ಲ, ಯಾಕೆ ಬಿದ್ದಿಲ್ಲ ಅಂತ."

ಎಪ್ಪತ್ತು ದಾಟಿದ ಎಂಟು ವರ್ಷದ ಮಗು

ನಾನು ಮೊದಲ ಸಲ ಲೆವೆಲ್ ಟೂಗೆ ಕೂತಾಗ ಪಾಠ ಮಾಡುವ ಭಾಗ ನನ್ನನ್ನು ಮುಳುಗಿಸಿತು. ನಿಜವಾದ ಮಕ್ಕಳನ್ನು ಪರೀಕ್ಷೆಗೆ ಕರೆಯುವುದಿಲ್ಲ. ಜೊತೆಯ ಅಭ್ಯರ್ಥಿಗಳೇ ವಿದ್ಯಾರ್ಥಿಗಳ ಪಾತ್ರ ಮಾಡಬೇಕು. ನನಗೆ ಇಪ್ಪತ್ತು ನಿಮಿಷ ಕೊಟ್ಟು, "ಎಂಟು ವರ್ಷದ, ಸ್ವಲ್ಪ ಹಟಮಾರಿ ಮಗುವಿಗೆ ತಿರುವು ಕಲಿಸು" ಅಂದರು. ಮಗುವಾಗಿ ಬಂದವರು ಅದೇ ಬಸ್ ಡ್ರೈವರು.

ಇಪ್ಪತ್ತು ನಿಮಿಷ ಆ ಮುದುಕರು ನನಗೆ ಕೊಟ್ಟ ಕಾಟ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಕೊಟ್ಟಿಲ್ಲ. ಕೈಗವಸು ಕಿತ್ತು ಎಸೆದರು. ಹಿಮ ತಿಂದರು. "ಅಮ್ಮ ಎಲ್ಲಿ?" ಅಂತ ರಾಗ ತೆಗೆದರು. ನಾನು ವೀಡಿಯೋದಲ್ಲಿ ಎರಡೆರಡು ಸಲ ನೋಡಿದ ಹಾಗೆ ಮಂಡಿಯೂರಿ, ಅವರ ಕಣ್ಣಿನ ಮಟ್ಟಕ್ಕೆ ಬಂದು, "ಪುಟ್ಟಾ, ಏನಾಯ್ತು?" ಅಂದೆ. "ಸೂಸೂ ಬಂತು" ಅಂದರು. ಪರೀಕ್ಷಕಿ ಬರೆದುಕೊಳ್ಳುತ್ತಿದ್ದಳು. ಇದು ನನ್ನನ್ನು ಪರೀಕ್ಷಿಸುವ ತಂತ್ರ ಅಂತ ನನಗೆ ಖಾತ್ರಿಯಾಯಿತು. "ಇನ್ನು ಎರಡೇ ತಿರುವು, ಜಾಣ ಅಲ್ವಾ?" ಅಂತ ರಮಿಸಿದೆ. ಒಂದು ತಿರುವು ತೋರಿಸಲು ನಾನು ಮುಂದೆ ಹೋಗಿ ಹಿಂದಿರುಗಿ ನೋಡಿದರೆ ಮಗು ನಾಪತ್ತೆ. ಮರಗಳ ಮಧ್ಯೆ ಹೆಸರು ಹಿಡಿದು ಕೂಗಿ ಹುಡುಕುವುದರಲ್ಲಿ ನನ್ನ ಸಮಯ ಮುಗಿಯಿತು.

ನಾನು ಫೇಲು. ಕಾರಣ: "ವಿದ್ಯಾರ್ಥಿಯನ್ನು ಕಳೆದುಕೊಂಡರು." ಅವರು ಪಾಸು. ಅವರ ಹಾಳೆಯಲ್ಲಿ, "ಮಗುವಿನ ಮನಸ್ಸನ್ನು ಆಳವಾಗಿ ಅರಿತಿದ್ದಾರೆ."

ಸಂಜೆ ಅವರೇ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು. "ಕ್ಷಮಿಸಮ್ಮ. ಕೈಗವಸು, ಅಳು, ಅದೆಲ್ಲಾ ಆಕ್ಟಿಂಗು. ಸೂಸೂ ಮಾತ್ರ ನಿಜ."

ಕಿತ್ತಳೆ ಜಾಕೆಟ್ಟು

ಎರಡನೇ ಸಲವೂ ಫೇಲಾದೆ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಈ ಚಳಿಗಾಲ ಮೂರನೇ ಸಲ. ದೊಡ್ಡ ಮಕ್ಕಳ ಗುಂಪಿನ ಟೀಚರ್ ಬಿಟ್ಟುಹೋಗಿದ್ದರು. ಪಾಸಾದರೆ ಆ ಗುಂಪು ನನಗೆ ಅಂತ ಸ್ಕೂಲಿನವರು ಹೇಳಿದ್ದರು. ಫೇಲಾದರೆ ಇನ್ನು ಸಾಕು, ಸ್ಕೀ ಮಾರಿಬಿಡುವುದು ಅಂತ ನಾನು ಒಳಗೇ ತೀರ್ಮಾನ ಮಾಡಿದ್ದೆ. ಬೆಳಗ್ಗೆ ಹೊರಡುವಾಗ ಕಾಲೇಜಿಗೆ ಹೋಗುವ ಮಗಳು ದೋಸೆ ತಿನ್ನುತ್ತಾ, "ಅಮ್ಮಾ, ಯು ನೋ ಯು ಕ್ಯಾನ್ ಜಸ್ಟ್ ಕ್ವಿಟ್, ರೈಟ್?" ಅಂದಳು. ಪ್ರೀತಿಯಿಂದಲೇ ಅಂದದ್ದು. ಅದಕ್ಕೇ ಇನ್ನೂ ಸಂಕಟವಾಯಿತು.

ಬೆಟ್ಟದ ಮೇಲೆ ದಟ್ಟ ಮಂಜು. ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಪರೀಕ್ಷಕಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ್ದಳು. "ನನ್ನ ಹಿಂದೆ ಒಬ್ಬೊಬ್ಬರಾಗಿ ಬನ್ನಿ. ನಾನು ಏನೇನು ಮಾಡ್ತೀನೋ ಹಾಗೇ ಮಾಡಿ. ಪ್ರಶ್ನೆ ಕೇಳಬೇಡಿ" ಅಂದು ಹೊರಟಳು. ಮೊದಲ ಸರದಿ ನನ್ನದು. ಕನ್ನಡಕ ಮಸುಕಾಗಿತ್ತು ಅಂತ ಒಂದು ಸಲ ಒರೆಸಿಕೊಂಡು ತಲೆ ಎತ್ತಿದೆ. ಅಷ್ಟು ದೂರದಲ್ಲಿ ಕಿತ್ತಳೆ ಜಾಕೆಟ್ಟು. ಬೆನ್ನು ಹತ್ತಿದೆ.

ಎರಡು ತಿರುವಾದ ಮೇಲೆ ಜಾಕೆಟ್ಟು ಹಿಂದಕ್ಕೆ ವಾಲಿ, ಎರಡು ಕೈಯನ್ನೂ ಗಾಳಿಯಲ್ಲಿ ಬೀಸತೊಡಗಿತು. ನನಗೆ ತಕ್ಷಣ ಹೊಳೆಯಿತು: ಕಲಿಯುವವರ ತಪ್ಪುಗಳನ್ನು ಮಾಡಿ ತೋರಿಸುತ್ತಿದ್ದಾಳೆ. ನಾನೂ ವಾಲಿ ಕೈ ಬೀಸಿದೆ. ಅದು ಒಂದು ಕಾಲು ಎತ್ತಿತು. ನಾನೂ ಎತ್ತಿದೆ. ಅದು ದಾರಿಯ ಅಂಚಿನ ಬಿದಿರಿನ ಗಳ ತಬ್ಬಿಕೊಂಡು ಒಂದು ಸುತ್ತು ತಿರುಗಿ ಬಿಟ್ಟಿತು. ನಾನು ಬಂದು ಅದೇ ಗಳವನ್ನು ತಬ್ಬಿ, ಅಷ್ಟೇ ಸುತ್ತು ತಿರುಗಿ, ಬಿಟ್ಟೆ. ಎಂಟು ವರ್ಷದಲ್ಲಿ ನಾನು ಇಷ್ಟು ನಿಖರವಾಗಿ ಯಾರನ್ನೂ ಅನುಸರಿಸಿರಲಿಲ್ಲ. ಈ ಸಲ ಪಾಸು ಅಂತ ಎದೆ ಉಬ್ಬಿತು. ಕೊನೆಗೆ ಜಾಕೆಟ್ಟು ಕುಂಡೆಯ ಮೇಲೆ ಕೂತು ಹತ್ತು ಮೀಟರು ಜಾರಿತು. ನಾನೂ ಕೂತು ಜಾರಿ, ಸರಿಯಾಗಿ ಅದರ ಪಕ್ಕದಲ್ಲೇ ನಿಂತೆ.

"ಅಯ್ಯಯ್ಯೋ, ಸತ್ತೆ ಕಣಪ್ಪಾ!" ಅಂತು ಜಾಕೆಟ್ಟು.

ಇವಳು ಕನ್ನಡ ಯಾವಾಗ ಕಲಿತಳು ಅಂತ ಒಂದು ಕ್ಷಣ ನಿಜವಾಗಿಯೂ ಆಶ್ಚರ್ಯಪಟ್ಟೆ.

"ಯಾರಪ್ಪ ನೀನು?" ಅಂದೆ. ಮೂವತ್ತರ ಒಳಗಿನ ಹುಡುಗ. ಮಂಡ್ಯದವನು, ಸೌತ್ ಲೇಕ್ ಯೂನಿಯನ್ ಬಡಾವಣೆಯ ಆಫೀಸಿನಲ್ಲಿ ಕೆಲಸ. ಸ್ಕೀ ಕಟ್ಟಿದ್ದು ಅವತ್ತೇ ಮೊದಲು. ಗೆಳೆಯರು ಲಿಫ್ಟಿನಲ್ಲಿ ಮೇಲಕ್ಕೆ ಕರೆತಂದು, "ಸುಮ್ನೆ ಬಾ" ಅಂತ ಹೇಳಿ ಇಳಿದುಹೋಗಿದ್ದರು. "ಮೇಡಂ, ಕನ್ನಡದೋರಾ?" ಅಂದ. "ಯಾರೋ ಅಟ್ಟಿಸ್ಕೊಂಡು ಬರ್ತಾವ್ರೆ ಅಂತ ಎದ್ರುಕೊಂಡು ಸ್ಪೀಡಾಗಿ ಬಂದೆ. ನಂಗೆ ಕೆಳಗೆ ಹೋಗಕ್ಕೆ ಬರಲ್ಲ ಮೇಡಂ."

ಮಂಜಿನಾಚೆ ಎಲ್ಲೋ ನನ್ನ ಪರೀಕ್ಷೆ ನಡೆಯುತ್ತಿತ್ತು. ಈಗಲೇ ಹೊರಟರೆ ಗುಂಪನ್ನು ಹಿಡಿಯಬಹುದಿತ್ತು. ಅವನ ಮುಖ ನೋಡಿದೆ. ಹೊರಡಲು ಕಾಲು ಬರಲಿಲ್ಲ. ನಾನು ಅವನ ಎದುರಿಗೆ ನಿಂತು, ಅವನ ಸ್ಕೀ ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಹಿಮ್ಮುಖವಾಗಿ ಇಳಿಯತೊಡಗಿದೆ. "ಕೆಳಗೆ ನೋಡ್ಬೇಡಪ್ಪ, ನನ್ನ ಮುಖ ನೋಡು. ಮಂಡಿ ಬಗ್ಗಿಸು. ಉಸಿರು ಬಿಡು." ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಐವತ್ತು ಹೆಜ್ಜೆ ಕೈ ಬಿಟ್ಟೆ. ಒಬ್ಬನೇ ಬಂದ. ನಿಂತ. ತಾನೇ ನಂಬದೆ ಕಾಲು ನೋಡಿಕೊಂಡ.

ಕೆಳಗೆ ಪರೀಕ್ಷಕಿ ಗಾಬರಿಯಿಂದ ಕಾಯುತ್ತಿದ್ದಳು. ಅವನನ್ನು ಇಳಿಸಿದ್ದನ್ನು ನೋಡಿ ಅವಳ ಕಣ್ಣೂ ಒದ್ದೆಯಾಯಿತು. "ಎಂಥಾ ಪಾಠ! ಆದರೆ ಅದು ಪರೀಕ್ಷೆಯಲ್ಲಿ ಇಲ್ಲ. ನಿನ್ನ ಸ್ಕೀಯಿಂಗ್ ನಾನು ನೋಡೇ ಇಲ್ಲ. ನೋಡದ್ದಕ್ಕೆ ಹೇಗೆ ಮಾರ್ಕು ಕೊಡಲಿ?" ಫೇಲು. ಅವತ್ತಿನ ಗಂಟೆಗಳು ತರಬೇತಿಗೆ ಸೇರುತ್ತವೆ, ಲೆವೆಲ್ ಒನ್ ಇನ್ನೆರಡು ವರ್ಷ ಉಳಿಯುತ್ತದೆ ಅಂತ ಸಮಾಧಾನ ಹೇಳಿದಳು.

ಕ್ಯಾಂಟೀನಿನ ಮೂಲೆಯಲ್ಲಿ ಒದ್ದೆ ಕೈಗವಸು ಮುಂದಿಟ್ಟುಕೊಂಡು ಕೂತಿದ್ದೆ. ಹುಡುಗ ಎರಡು ಲೋಟ ಬಿಸಿ ಚಾಕೊಲೇಟ್ ತಂದು ಎದುರು ಕೂತ. ತಡೆಯಲಾರದೆ ಕೇಳಿದ. "ಮೇಡಂ, ತಪ್ಪು ತಿಳ್ಕೋಬೇಡಿ. ಅಷ್ಟೊಂದು ಚೆನ್ನಾಗಿ ಬರುತ್ತೆ ನಿಮಗೆ. ನಾನು ಮಾಡಿದ್ನೆಲ್ಲಾ ಯಾಕೆ ಮಾಡ್ತಿದ್ರಿ?"

"ಪರೀಕ್ಷೆ ಇತ್ತಪ್ಪ ನನಗೆ. ಮುಂದೆ ಇರೋರು ಮಾಡಿದ ಹಾಗೇ ಮಾಡ್ಬೇಕು ಅಂದಿದ್ರು."

ಅವನು ಲೋಟ ಕೆಳಗಿಟ್ಟ. ಮುಖದಲ್ಲಿ ನಿಜವಾದ ಮರುಕ.

"ಬಿ.ಇ.ನಲ್ಲಿ ಏಳು ಸಬ್ಜೆಕ್ಟ್ ಬ್ಯಾಕ್ ಇಟ್ಕೊಂಡಿದ್ದೋನು ಮೇಡಂ ನಾನು. ಕಾಪಿ ಹೊಡೆಯಕ್ಕೆ ಇಡೀ ಬೆಟ್ಟದಲ್ಲಿ ನಾನೇ ಸಿಕ್ಕಿದ್ನಾ?"