ರಾಷ್ಟ್ರಗೀತೆಗೆ ಎದ್ದ ನನ್ನ ಬಲಗೈ

ಹ್ಯೂಸ್ಟನ್ನಿನ ಆ ಮೈದಾನದಲ್ಲಿ ನಾನು ನಿಂತಿದ್ದದ್ದು ಅಲ್ಯೂಮಿನಿಯಂ ಬೆಂಚುಗಳ ಮೂರನೆಯ ಸಾಲಿನ ಎಡತುದಿಯಲ್ಲಿ; ಶನಿವಾರ, ಸಂಜೆ ಐದಕ್ಕೆ ಎರಡು ನಿಮಿಷ ಬಾಕಿ. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಆಮೇಲೆ ನಡೆದದ್ದನ್ನು ಮಾಡಿದವನೂ ನಾನೇ, ಕಣ್ಣಾರೆ ಕಂಡ ಸಾಕ್ಷಿಯೂ ನಾನೇ. ಇಬ್ಬರಲ್ಲಿ ಒಬ್ಬನಾದರೂ ನಿಖರವಾಗಿರಬೇಕು.

ನನ್ನ ಮಗಳು ಸಿರಿ ಆಸ್ಟಿನ್ನಿನಲ್ಲಿ ಕಾಲೇಜು ಓದುತ್ತಾಳೆ, ಫುಟ್‌ಬಾಲ್ ಆಡುತ್ತಾಳೆ. ಟೆಕ್ಸಸ್ಸಿನಲ್ಲಿ ಹೀಗೆಂದರೆ ಜನ ಹೆಲ್ಮೆಟ್ಟು ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟವೆಂದು ತಿಳಿದು ಗಾಬರಿಯಾಗುತ್ತಾರೆ. ನಾವಿರುವ ಕಾಪೆಲ್‌ನಲ್ಲಿ ನಮ್ಮವರಿಗೆ ಹೇಳಿದರೆ, “ಓ, ಚೆನ್ನಾಗಿದೆ. ಮೇಜರ್ ಸಬ್ಜೆಕ್ಟ್ ಏನು ತಗೊಂಡಿದಾಳೆ?” ಎನ್ನುತ್ತಾರೆ. ಕಳೆದ ವರ್ಷ ಅವಳನ್ನು ಭಾರತದ ಮಹಿಳಾ ತಂಡಕ್ಕೆ ಕರೆದರು ಎಂದಾಗಲೂ ಅದನ್ನೇ ಕೇಳಿದರು. ಅಲ್ಲಿಂದೀಚೆಗೆ ಅವಳ ಪಂದ್ಯಗಳನ್ನು ಅಡುಗೆಮನೆಯ ಕಟ್ಟೆಗೆ ಫೋನ್ ಒರಗಿಸಿ, ಬೆಳಗಿನ ಕಾಫಿ ಹಿಡಿದು ಒಬ್ಬನೇ ನೋಡುತ್ತೇನೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಗೋಲು ಬಿದ್ದರೆ ನಾನು ಕೂಗುತ್ತೇನೆ. ಫ್ರಿಜ್ಜು ಗುರ್ ಎನ್ನುತ್ತದೆ.

ಸಿರಿ ಮೂರು ವರ್ಷದ ಮಗುವಾಗಿ ಮೈಸೂರಿನಿಂದ ಬಂದವಳು. ಗ್ರೀನ್ ಕಾರ್ಡಿಗೆ ಕಾದು ಕಾದು ನಾವಿಬ್ಬರೂ ಇಲ್ಲಿಯ ಪೌರರಾಗುವ ಹೊತ್ತಿಗೆ ಅವಳಿಗೆ ಹದಿನೆಂಟು ದಾಟಿತ್ತು. ಅವಳ ಅರ್ಜಿ ಅವಳೇ ಹಾಕಬೇಕು. ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಹೋಗುತ್ತದೆ, ಅದರ ಜೊತೆಗೆ ತಂಡದ ಜಾಗವೂ. ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡದಲ್ಲಿ ಬಯ್ಯುವ ನಾನು ಅಮೆರಿಕದವನು. ಇಂಗ್ಲಿಷಿನಲ್ಲಿ ಎದುರುತ್ತರ ಕೊಡುವ ಅವಳು ಭಾರತದವಳು.

ಅಪ್ಪನಾದವನಿಗೆ ಭಯವಿರುತ್ತದೆ. ಕಾನೂನು ಯಾವಾಗ ಬದಲಾಗುತ್ತದೋ, ಮಂಡಿ ಯಾವಾಗ ಉಳುಕುತ್ತದೋ. ಅವಳ ಪೌರತ್ವದ ಅರ್ಜಿಯನ್ನು ನಾನೇ ತುಂಬಿ, ಸಹಿಯ ಜಾಗಕ್ಕೆ ಹಳದಿ ಚೀಟಿ ಅಂಟಿಸಿ, ಚಕ್ಕುಲಿ ಡಬ್ಬದ ಜೊತೆ ಬ್ಯಾಗಿಗೆ ಹಾಕಿಕೊಂಡು ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದ್ದೆ. ಭಾರತದ ತಂಡ ಅಲ್ಲಿ ಸೌಹಾರ್ದ ಪಂದ್ಯವೊಂದನ್ನು ಆಡಲು ಬಂದಿತ್ತು. ಆಟ ಮುಗಿದ ಮೇಲೆ ಸಹಿ ಹಾಕಿಸುವುದೆಂದು ನಿಶ್ಚಯಿಸಿದ್ದೆ.

ಪಕ್ಕದಲ್ಲಿ, ಹ್ಯೂಸ್ಟನ್ನಿಗೆ ಅಂಟಿಕೊಂಡಿರುವ ಮಿಸೌರಿ ಸಿಟಿಯ ನಿವೃತ್ತ ಡಾಕ್ಟರು ಪಾಟೀಲರು, ಧಾರವಾಡದ ಕಡೆಯವರು, ಆಗಷ್ಟೇ ಪರಿಚಯವಾದವರು.

“ಎಷ್ಟನೇ ನಂಬರ್ರಿ ನಿಮ್ಮ ಮಗಳು?”

“ಹದಿನಾಲ್ಕು, ಅಂಕಲ್.”

“ಭಾಳ ತೆಳ್ಳಗದಾಳಲ್ರಿ. ಊಟಾ ಮಾಡ್ತಾಳೋ ಇಲ್ಲೋ?”

ಅಷ್ಟರಲ್ಲಿ ಭಾರತದ ರಾಷ್ಟ್ರಗೀತೆ ಶುರುವಾಯಿತು. ಅದನ್ನು ಸಿರಿಗೆ ಕಲಿಸಿದವನು ನಾನು, ಆಸ್ಟಿನ್ನಿನಿಂದ ಮನೆಗೆ ಬರುವಾಗ ಕಾರಿನಲ್ಲಿ. ಅಮೆರಿಕದ ರಾಷ್ಟ್ರಗೀತೆಗೆ ಎದೆಯ ಮೇಲೆ ಕೈಯಿಟ್ಟು ನಿಲ್ಲುವ ಶಾಲೆಯ ಅಭ್ಯಾಸದಿಂದ ಅವಳ ಕೈ ಅಲ್ಲಿಗೇ ಹೋಗುತ್ತಿತ್ತು. “ಎದೆ ಮೇಲಲ್ಲ ಪುಟ್ಟಿ, ಕೈ ಕೆಳಗೆ, ನೇರವಾಗಿ,” ಎಂದು ನನ್ನ ತೊಡೆಯ ಮೇಲೆ ಎರಡು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದೆ.

ಡಾಕ್ಟರು ನನ್ನ ಕಡೆ ವಾಲಿದರು. “ಮೂರ್ತಿ, ಕೈ ಎಲ್ಲಿಗ್ ಹೋತ್ರಿ?”

ನೋಡಿಕೊಂಡೆ. ನನ್ನ ಬಲಗೈ ಎದೆಯ ಮೇಲಿತ್ತು. ಪೌರತ್ವ ಕೊಡುವ ದಿನ ತಪ್ಪಾಗಬಾರದೆಂದು ವಾರವಿಡೀ ಕನ್ನಡಿಯ ಮುಂದೆ ಪಳಗಿಸಿದ್ದ ಕೈ, ಬ್ಯಾಂಡು ಕೇಳಿದ್ದೇ ನನ್ನನ್ನು ಕೇಳದೆ ಎದ್ದುಹೋಗಿತ್ತು. ತಲೆಯೆತ್ತಿದರೆ, ಸಾಲಿನಲ್ಲಿ ನಿಂತ ಸಿರಿ ನನ್ನನ್ನೇ ನೋಡುತ್ತಿದ್ದಳು. ತುಟಿ ಹಾಡುತ್ತಲೇ ಇತ್ತು. ಅವಳ ಎರಡು ಬೆರಳು ತೊಡೆಯ ಮೇಲೆ ಮೆಲ್ಲಗೆ, ಎರಡು ಸಲ, ತಟ್ಟಿದವು.

ಕೈ ಇಳಿಸಿದೆ.

ಪಂದ್ಯದಲ್ಲಿ ಸೋತರು. ಆಮೇಲೆ ಸಿರಿ ಬೇಲಿಯ ಹತ್ತಿರ ಬಂದಳು. “ಅಪ್ಪ, ಯು ಓಕೆ?”

“ಚಕ್ಕುಲಿ ತಂದಿದೀನಿ.”

ಡಬ್ಬ ತೆಗೆಯುವಾಗ ಹಳದಿ ಚೀಟಿ ಇಣುಕಿತು. “ವಾಟ್ಸ್ ದಟ್?”

“ಏನಿಲ್ಲ, ಕಾರಿನ ಪೇಪರ್ರು,” ಎಂದೆ. ಅವಳು ತಂಡದ ಬಸ್ಸು ಹತ್ತಿದಳು. ಅರ್ಜಿ ಈಗಲೂ ಕಾರಿನಲ್ಲೇ ಇದೆ. ಆ ಮಟ್ಟಿಗೆ ನಾನು ಸುಳ್ಳು ಹೇಳಿಲ್ಲ.

ನನ್ನನ್ನು ಬಿಟ್ಟರೆ ಆ ಕೈ ಎದ್ದದ್ದನ್ನು ಕಂಡವರು ಇಬ್ಬರು, ಇಬ್ಬರೂ ಇನ್ನೂ ಇದ್ದಾರೆ. ಸಿರಿ ಈಗ ಭಾರತದಲ್ಲಿ ತಂಡದ ಶಿಬಿರದಲ್ಲಿದ್ದಾಳೆ. ಅವಳು ಯಾರಿಗೂ ಹೇಳುವವಳಲ್ಲ. ಇನ್ನೊಬ್ಬರು ಮಿಸೌರಿ ಸಿಟಿಯ ಡಾಕ್ಟರ್ ಪಾಟೀಲರು: ಎಂಬತ್ತೊಂದು ವರ್ಷ, ಬಿ.ಪಿ. ಇಲ್ಲ, ಶುಗರ್ ಇಲ್ಲ, ನೆನಪಿನ ಶಕ್ತಿ ಅಪಾರ. ಪ್ರತಿ ಭಾನುವಾರ ಫೋನ್ ಮಾಡಿ ಮೊದಲು ನನ್ನ ಕೈ ಹೇಗಿದೆಯೆಂದು ಕೇಳುತ್ತಾರೆ, ಆಮೇಲೆ ಮಗಳ ಆಟ ಹೇಗಾಯಿತೆಂದು. ಆ ಎರಡನೆಯದನ್ನು ನನ್ನ ಹತ್ತಿರ ಕೇಳುವವರು ಅವರೊಬ್ಬರೇ. ನೂರು ವರ್ಷ ಬಾಳಲಿ.